ಟಿವಿ ನೋಡಲು, ರೆಕಾರ್ಡ್ ಮಾಡಲು ಮನೆಯಲ್ಲೇ ಜೋಡಿಸಿ ಕಂಪ್ಯೂಟರ್

ಚಂದನ ವಾಹಿನಿಯ ‘ಥಟ್ ಅಂತ ಹೇಳಿ’ ಬರುವಾಗ ನೀವು ಇನ್ನೂ ಆಫೀಸಿನಲ್ಲಿರುತ್ತೀರಿ. ಮಗಳಿಗೆ ಬೇಕಾದ ಸ್ವಯಂಪ್ರಭಾ ಶೈಕ್ಷಣಿಕ ವಾಹಿನಿಯ ಪಾಠ ಅವಳು ಕಾಲೇಜಿನಲ್ಲಿರುವಾಗಲೇ ಮುಗಿದಿರುತ್ತದೆ. ಇವನ್ನೆಲ್ಲ ತಾನೇ ರೆಕಾರ್ಡ್ ಮಾಡಿಟ್ಟು, ಬೇಕೆಂದಾಗ ಟಿವಿಯಲ್ಲಿ ತೋರಿಸುವ ಕಂಪ್ಯೂಟರನ್ನು ಮನೆಯಲ್ಲೇ ಜೋಡಿಸಬಹುದು. ಹೆಚ್ಚಿನವರು ಪ್ರೊಸೆಸರ್‌ನಿಂದ ಲೆಕ್ಕ ಹಾಕತೊಡಗುತ್ತಾರೆ. ಆದರೆ ಲೆಕ್ಕ ಶುರುವಾಗಬೇಕಾದ್ದು ತಾರಸಿಯ ಮೇಲಿನ ಡಿಶ್‌ನಿಂದ.

1. ಯಾವ ಸಿಗ್ನಲ್ ಎಂದು ಮೊದಲು ನಿರ್ಧರಿಸಿ

ಖಾಸಗಿ ಡಿಟಿಎಚ್ ಕಂಪನಿಗಳ ವಾಹಿನಿಗಳು ಎನ್‌ಕ್ರಿಪ್ಟ್ ಆಗಿ ಬರುತ್ತವೆ. ಕಂಪ್ಯೂಟರ್‌ಗೆ ಸಿಗ್ನಲ್ ಹಿಡಿದುಕೊಡುವ ಟ್ಯೂನರ್ ಅವನ್ನು ತೆರೆಯಲಾರದು. ಅವರ ಸೆಟ್‌ಟಾಪ್ ಬಾಕ್ಸ್‌ನ ಎಚ್‌ಡಿಎಂಐ ಕಿಂಡಿಗೂ ನಕಲು ತಡೆಯುವ ವ್ಯವಸ್ಥೆ ಇರುತ್ತದೆ. ಹಾಗಾಗಿ ಸುಲಭದ ದಾರಿ ದೂರದರ್ಶನದ ಡಿಡಿ ಫ್ರೀ ಡಿಶ್. 2004ರ ಡಿಸೆಂಬರ್‌ನಲ್ಲಿ ‘ಡಿಡಿ ಡೈರೆಕ್ಟ್ ಪ್ಲಸ್’ ಹೆಸರಿನಲ್ಲಿ ಶುರುವಾದ ಈ ಸೇವೆಗೆ ತಿಂಗಳ ಶುಲ್ಕವಿಲ್ಲ. ಖಾಸಗಿ ವಾಹಿನಿಗಳು ಹರಾಜಿನ ಮೂಲಕ ಇಲ್ಲಿಗೆ ಬರುವುದರಿಂದ ಪಟ್ಟಿ ಆಗಾಗ ಬದಲಾಗುತ್ತದೆ. ನಿಮಗೆ ಬೇಕಾದ ವಾಹಿನಿ ಸದ್ಯ ಇದೆಯೇ ಎಂದು ನೋಡಿಕೊಂಡೇ ಖರ್ಚಿಗೆ ಕೈಹಾಕಿ.

2. ಡಿಶ್ ಕೂರಿಸಿ

60 ಸೆಂ.ಮೀ. ಡಿಶ್, ಯುನಿವರ್ಸಲ್ ಕೆಯು ಬ್ಯಾಂಡ್ ಎಲ್‌ಎನ್‌ಬಿ (ಡಿಶ್‌ನ ಮುಂದೆ ಕೂರುವ, ಸಿಗ್ನಲ್ ಹಿಡಿಯುವ ಭಾಗ), ಆರ್‌ಜಿ-6 ಕೇಬಲ್ ಸಾಕು. ಸಿಗ್ನಲ್ ಬರುವುದು 93.5 ಡಿಗ್ರಿ ಪೂರ್ವದಲ್ಲಿರುವ ಜಿಸ್ಯಾಟ್-15 ಉಪಗ್ರಹದಿಂದ. ಬೆಂಗಳೂರಿನಿಂದ ನೋಡಿದರೆ ಅದು ಆಗ್ನೇಯಕ್ಕೆ, ನೆಲದಿಂದ ಸುಮಾರು 66 ಡಿಗ್ರಿ ಎತ್ತರದಲ್ಲಿದೆ. ಆ ದಿಕ್ಕಿನಲ್ಲಿ ತೆಂಗಿನ ಗರಿಯಾಗಲಿ ಪಕ್ಕದ ಮನೆಯ ನೀರಿನ ಟ್ಯಾಂಕ್ ಆಗಲಿ ಅಡ್ಡ ಬರಬಾರದು. ಈಗಾಗಲೇ ಫ್ರೀ ಡಿಶ್ ಬಾಕ್ಸ್ ಇದ್ದರೆ ಎಲ್‌ಎನ್‌ಬಿ ಬದಲಿಸಿ ಎರಡು ಔಟ್‌ಪುಟ್ ಇರುವುದನ್ನು ಹಾಕಿಸಿ. ಒಂದು ಬಾಕ್ಸ್‌ಗೆ, ಇನ್ನೊಂದು ಕಂಪ್ಯೂಟರ್‌ಗೆ.

3. ಟ್ಯೂನರ್ ಆರಿಸಿ

ಡಿವಿಬಿ-ಎಸ್2 (ಉಪಗ್ರಹ ಟಿವಿಯ ಮಾನದಂಡ) ಎಂದು ಬರೆದಿರುವ ಯುಎಸ್‌ಬಿ ಟ್ಯೂನರ್ ಕೊಳ್ಳಿ. ಅದು ಲಿನಕ್ಸ್‌ನಲ್ಲಿ ಕೆಲಸ ಮಾಡುತ್ತದೆಯೇ ಎಂದು ಲಿನಕ್ಸ್‌ಟಿವಿ ವಿಕಿಯಲ್ಲಿ ನೋಡಿಕೊಳ್ಳಿ. ಟ್ಯೂನರ್ ಒಂದು ಹೊತ್ತಿಗೆ ಒಂದು ಟ್ರಾನ್ಸ್‌ಪಾಂಡರ್‌ಗೆ (ಹಲವು ವಾಹಿನಿಗಳನ್ನು ಒಟ್ಟಿಗೆ ಕಳಿಸುವ ಉಪಗ್ರಹದ ಪ್ರಸಾರ ಘಟಕ) ಮಾತ್ರ ಹೊಂದಿಕೊಳ್ಳುತ್ತದೆ, ಆದರೆ ಆ ಟ್ರಾನ್ಸ್‌ಪಾಂಡರ್‌ನ ಎಲ್ಲ ವಾಹಿನಿಗಳನ್ನೂ ಹಿಡಿಯುತ್ತದೆ. ನಿಮ್ಮ ಎರಡು ವಾಹಿನಿಗಳು ಒಂದೇ ಟ್ರಾನ್ಸ್‌ಪಾಂಡರ್‌ನಲ್ಲಿದ್ದರೆ ಒಂದನ್ನು ನೋಡುತ್ತಾ ಇನ್ನೊಂದನ್ನು ರೆಕಾರ್ಡ್ ಮಾಡಬಹುದು. ಬೇರೆ ಬೇರೆ ಇದ್ದರೆ ಎರಡು ಟ್ಯೂನರ್, ಎರಡು ಕೇಬಲ್ ಬೇಕು.

4. ಕಂಪ್ಯೂಟರ್ ಮತ್ತು ಡಿಸ್ಕ್

ರೆಕಾರ್ಡಿಂಗ್ ಎಂದರೆ ಆಕಾಶದಿಂದ ಬಂದ ಡೇಟಾವನ್ನು ಹಾಗೆಯೇ ಡಿಸ್ಕ್‌ಗೆ ಬರೆಯುವುದು. ಪ್ರೊಸೆಸರ್‌ಗೆ ಅದರಿಂದ ದೊಡ್ಡ ಹೊರೆಯಿಲ್ಲ. ಇಂಟೆಲ್ ಎನ್100 ಚಿಪ್‌ನ ಮಿನಿ ಪಿಸಿ, 8 ಜಿಬಿ ರ್‍ಯಾಮ್, 128 ಜಿಬಿ ಎಸ್‌ಎಸ್‌ಡಿ ಧಾರಾಳ. ಹಗಲೂ ರಾತ್ರಿ ಆನ್ ಇರುವ ಯಂತ್ರವಾದ್ದರಿಂದ ಕಡಿಮೆ ವಿದ್ಯುತ್, ಕಡಿಮೆ ಸದ್ದು ಮುಖ್ಯ.

ಉಳಿಸಿದ ಹಣವನ್ನು ಡಿಸ್ಕ್‌ಗೆ ಹಾಕಿ. ಸೆಕೆಂಡಿಗೆ 3 ಮೆಗಾಬಿಟ್ ವೇಗದ ಸಾಧಾರಣ ಗುಣಮಟ್ಟದ ವಾಹಿನಿಯ ಒಂದು ಗಂಟೆಗೆ ಸುಮಾರು 1.35 ಜಿಬಿ ಜಾಗ ಬೇಕು. 1 ಟಿಬಿ ಡಿಸ್ಕ್‌ನಲ್ಲಿ 700 ಗಂಟೆ ಹಿಡಿಸುತ್ತದೆ. ಸಿಸಿಟಿವಿಗೆಂದು ಮಾರುವ ಹಾರ್ಡ್‌ಡಿಸ್ಕ್‌ಗಳು ಸತತ ಬರವಣಿಗೆಗೆಂದೇ ತಯಾರಾದವು.

5. ಸಾಫ್ಟ್‌ವೇರ್ ಹಾಕಿ

ಮೂರೂ ಉಚಿತ: ಲಿಬ್ರೆಎಲೆಕ್ (ಆಪರೇಟಿಂಗ್ ಸಿಸ್ಟಂ), ಕೋಡಿ (ಟಿವಿ ಪರದೆಯ ಮೆನು), ಟಿವಿಹೆಡ್‌ಎಂಡ್ (ಸಿಗ್ನಲ್ ಹಿಡಿದು ರೆಕಾರ್ಡ್ ಮಾಡುವುದು).

- ಲಿಬ್ರೆಎಲೆಕ್ ಅನ್ನು ಪೆನ್‌ಡ್ರೈವ್‌ಗೆ ಬರೆದು, ಅದರಿಂದ ಎಸ್‌ಎಸ್‌ಡಿಗೆ ಇನ್‌ಸ್ಟಾಲ್ ಮಾಡಿ. ಎಸ್‌ಎಸ್‌ಡಿಯಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ, ಜೋಕೆ. ಕೋಡಿ ಅದರೊಳಗೇ ಇದೆ.
- ಆ್ಯಡ್‌ಆನ್ ವಿಭಾಗದಿಂದ ಟಿವಿಹೆಡ್‌ಎಂಡ್ ಸರ್ವರ್ ಮತ್ತು ಅದನ್ನು ಕೋಡಿಗೆ ಜೋಡಿಸುವ ಎಚ್‌ಟಿಎಸ್‌ಪಿ ಕ್ಲೈಂಟ್ ಎರಡನ್ನೂ ಹಾಕಿ.
- ಅದೇ ವೈಫೈನಲ್ಲಿರುವ ಲ್ಯಾಪ್‌ಟಾಪ್‌ನ ಬ್ರೌಸರ್‌ನಲ್ಲಿ ಮಿನಿ ಪಿಸಿಯ ಐಪಿ ವಿಳಾಸ, ಕೋಲನ್, 9981 ಎಂದು ಟೈಪಿಸಿದರೆ ಸೆಟ್ಟಿಂಗ್ ಪುಟ ತೆರೆಯುತ್ತದೆ.

6. ವಾಹಿನಿಗಳನ್ನು ಹುಡುಕಿ

ಅದೇ ಸೆಟ್ಟಿಂಗ್ ಪುಟದಲ್ಲಿ ಡಿವಿಬಿ-ಎಸ್ ನೆಟ್‌ವರ್ಕ್ ಸೃಷ್ಟಿಸಿ ಟ್ಯೂನರ್‌ಗೆ ಜೋಡಿಸಿ, ಎಲ್‌ಎನ್‌ಬಿ ಬಗೆ ‘ಯುನಿವರ್ಸಲ್’ ಎಂದು ಕೊಡಿ. ಫ್ರೀಕ್ವೆನ್ಸಿ, ಪೋಲರೈಸೇಶನ್, ಸಿಂಬಲ್ ರೇಟ್ ಕೇಳುತ್ತದೆ. ನಿಮ್ಮ ಅಥವಾ ಪಕ್ಕದ ಮನೆಯವರ ಫ್ರೀ ಡಿಶ್ ಬಾಕ್ಸ್‌ನ ಮೆನುವಿನಲ್ಲಿ ಈ ಮೂರೂ ಇರುತ್ತವೆ, ನೋಡಿ ಬರೆದುಕೊಳ್ಳಿ. ಸ್ಕ್ಯಾನ್ ಮುಗಿದ ಮೇಲೆ ‘ಮ್ಯಾಪ್ ಆಲ್ ಸರ್ವಿಸಸ್’ ಒತ್ತಿದರೆ ವಾಹಿನಿಗಳ ಪಟ್ಟಿ ಕೋಡಿಯಲ್ಲಿ ಕಾಣಿಸುತ್ತದೆ.

7. ರೆಕಾರ್ಡಿಂಗ್ ಹೊಂದಿಸಿ

ರೆಕಾರ್ಡಿಂಗ್ ಉಳಿಸುವ ಜಾಗವನ್ನು ಹಾರ್ಡ್‌ಡಿಸ್ಕ್‌ನ ಫೋಲ್ಡರ್‌ಗೆ ಬದಲಿಸಿ. ಕಾರ್ಯಕ್ರಮ ಪಟ್ಟಿ ಸರಿಯಾಗಿ ಬರದ ವಾಹಿನಿಗೆ ವಾರ ಮತ್ತು ವೇಳೆ ಕೊಟ್ಟು ಟೈಮರ್ ಇಡಿ. ಪ್ರಸಾರ ಹಿಂದುಮುಂದಾಗುವುದುಂಟು. ಹಾಗಾಗಿ 5 ನಿಮಿಷ ಮೊದಲೇ ಶುರುವಾಗಿ 10 ನಿಮಿಷ ತಡವಾಗಿ ನಿಲ್ಲುವಂತೆ ಮಾಡಿ.

ಗಮನಿಸಿ

- ಕರೆಂಟ್ ಹೋಗಿ ಬಂದಾಗ ಕಂಪ್ಯೂಟರ್ ತಾನಾಗಿ ಆನ್ ಆಗುವಂತೆ ಬಯಾಸ್‌ನಲ್ಲಿ ಹೊಂದಿಸಿ. ಚಿಕ್ಕ ಯುಪಿಎಸ್ ಇದ್ದರೆ ರೆಕಾರ್ಡಿಂಗ್ ತುಂಡಾಗುವುದಿಲ್ಲ.
- ಜೋರು ಮಳೆಯಲ್ಲಿ ಕೆಯು ಬ್ಯಾಂಡ್ ಸಿಗ್ನಲ್ ಕುಗ್ಗುವುದು ಸಹಜ, ಅದು ಟ್ಯೂನರ್‌ನ ದೋಷವಲ್ಲ. ಗುಡುಗು ಸಿಡಿಲು ಶುರುವಾಗುವ ಮೊದಲೇ ಡಿಶ್ ಕೇಬಲ್ ಕಳಚಿಡಿ.
- ರೆಕಾರ್ಡಿಂಗ್ ಮನೆಯವರು ನೋಡಲಿಕ್ಕೆ ಮಾತ್ರ. ಯೂಟ್ಯೂಬ್‌ಗೆ ಏರಿಸಿದರೆ ಹಕ್ಕುಸ್ವಾಮ್ಯದ ತಕರಾರು ಎದುರಾಗಬಹುದು.
- ಮೊದಲ ವಾರ ಒಂದೇ ಟ್ಯೂನರ್‌ನಲ್ಲಿ ನಡೆಸಿ. ಎರಡು ಕಾರ್ಯಕ್ರಮ ನಿಜಕ್ಕೂ ಡಿಕ್ಕಿ ಹೊಡೆಯುತ್ತಿವೆ ಎಂದು ಗೊತ್ತಾದ ಮೇಲೆ ಎರಡನೆಯದನ್ನು ಕೊಂಡರೆ ಸಾಕು.