ಕೆಲಸದ ನಡುವೆ ನಿಂತುಹೋಗುವ ಹಳೆಯ ಸರಪಳಿ ಗರಗಸ: ಕಾರಣಗಳೂ ಪರಿಹಾರಗಳೂ

ಮಲೆನಾಡಿನ ತೋಟಗಳಲ್ಲಿ ಸಿಲ್ವರ್ ಓಕ್ ಮರಗಳ ನೆರಳನ್ನು ಸವರುವುದಕ್ಕೂ, ಬಯಲುಸೀಮೆಯಲ್ಲಿ ಸರ್ವೆ, ನೀಲಗಿರಿ ತೋಪುಗಳನ್ನು ಕಡಿಯುವುದಕ್ಕೂ, ಗಾಳಿಗೆ ಉರುಳಿದ ಮರಗಳನ್ನು ತುಂಡರಿಸುವುದಕ್ಕೂ ಪೆಟ್ರೋಲಿನಿಂದ ನಡೆಯುವ ಸರಪಳಿ ಗರಗಸವು ಬಹು ಉಪಯುಕ್ತವಾದುದು. ರೂಢಿಯಲ್ಲಿ ಇದನ್ನು ಚೈನ್‌ಸಾ ಎನ್ನುವರು. ಹಲವು ವರ್ಷ ದುಡಿದ ಇಂಥ ಯಂತ್ರವು ಸುಲಭವಾಗಿ ಚಾಲೂ ಆದರೂ, ಮರದ ಅರ್ಧಕ್ಕೆ ಇಳಿಯುವಷ್ಟರಲ್ಲಿ ಥಟ್ಟನೆ ನಿಂತುಹೋಗುವುದುಂಟು.

ಇದನ್ನು ಕೇವಲ ಬೇಸರದ ಸಂಗತಿಯೆಂದು ಎಣಿಸಲಾಗದು. ಅರ್ಧ ಕೊಯ್ದು ನಿಂತ ಮರವು ಯಾವ ಕ್ಷಣದಲ್ಲಾದರೂ ಬೀಳಬಹುದು. ಅದರ ಬುಡದಲ್ಲಿ ಬಗ್ಗಿ ಹಗ್ಗವನ್ನೆಳೆಯುವ ಆಳಿನ ಪ್ರಾಣಕ್ಕೆ ಕೆಲಸ ಮಾಡಿಸುವ ಯಜಮಾನನೇ ಹೊಣೆಗಾರನು. ಅಲ್ಲದೆ, ಯಂತ್ರವನ್ನು ನಿಲ್ಲಿಸುವ ದೋಷಗಳಲ್ಲಿ ಕೆಲವು, ಅಲಕ್ಷಿಸಿದಲ್ಲಿ, ಪಿಸ್ಟನ್ನನ್ನೇ ಸುಟ್ಟು ಕಚ್ಚಿಸಿಬಿಡುವವು. ಆದುದರಿಂದ ಕಾರಣವನ್ನು ಕ್ರಮವಾಗಿ ಹುಡುಕುವ ಬಗೆಯನ್ನು ಊರ ಯಜಮಾನರೂ ಭೂಮಾಲೀಕರೂ ತಿಳಿದಿರುವುದು ಅವಶ್ಯಕ.

ಎಂಜಿನ್ನು ನಡೆಯಲು ಪೆಟ್ರೋಲು, ಗಾಳಿ, ಕಿಡಿ, ಒತ್ತಡ ಎಂಬ ನಾಲ್ಕು ಬೇಕು. ಇವುಗಳಲ್ಲಿ ಯಾವುದು ತಪ್ಪಿತೆಂಬುದನ್ನು ಯಂತ್ರವು ನಿಲ್ಲುವ ರೀತಿಯೇ ಬಹುಮಟ್ಟಿಗೆ ಹೇಳುತ್ತದೆ.

(1) ಕೆಲವು ನಿಮಿಷ ನಡೆದು ನಿಲ್ಲುವುದು, ಸ್ವಲ್ಪ ಹೊತ್ತು ಬಿಟ್ಟರೆ ಪುನಃ ನಡೆಯುವುದು. ಟ್ಯಾಂಕಿನಿಂದ ಪೆಟ್ರೋಲು ಹೊರಟಷ್ಟೂ ಗಾಳಿಯು ಒಳಗೆ ಬರಲು ಒಂದು ಸಣ್ಣ ರಂಧ್ರವಿರುತ್ತದೆ. ಅದು ಹೊಟ್ಟಿನಿಂದ ಮುಚ್ಚಿದರೆ ಪೆಟ್ರೋಲು ಇಳಿಯದು. ನಿಂತೊಡನೆ ಯಂತ್ರವನ್ನು ಬಯಲಿಗೆ ತಂದು, ಬೆಂಕಿಯಿಂದ ದೂರವಿರಿಸಿ, ಟ್ಯಾಂಕಿನ ಮುಚ್ಚಳವನ್ನು ಮೆಲ್ಲಗೆ ಸಡಿಲಿಸಬೇಕು. ಗಾಳಿಯು ಸುಯ್ಯೆಂದು ಒಳಗೆಳೆದುಕೊಂಡು, ಮುಚ್ಚಳವನ್ನು ಮತ್ತೆ ಬಿಗಿದ ಮೇಲೆ ಯಂತ್ರವು ಕೂಡಲೇ ಚಾಲೂ ಆದರೆ ದೋಷವು ಈ ರಂಧ್ರದ್ದೇ. ಅದನ್ನು ಶುದ್ಧಿಮಾಡಿದರೆ ಸಾಕು.

(2) ನಿಧಾನವಾಗಿ ಓಡುವುದು, ಪೂರ್ಣ ವೇಗ ಕೊಟ್ಟರೆ ಸಾಯುವುದು. ಟ್ಯಾಂಕಿನೊಳಗಿನ ಪೆಟ್ರೋಲ್ ಫಿಲ್ಟರು ಕಟ್ಟಿರಬಹುದು. ಕೊಕ್ಕೆಯಂತೆ ಬಗ್ಗಿಸಿದ ತಂತಿಯಿಂದ ಅದನ್ನು ಹೊರಗೆಳೆದು ಬದಲಾಯಿಸಬೇಕು. ಅದರ ರಬ್ಬರು ನಳಿಗೆಯು ಬಿರುಕು ಬಿಟ್ಟಿದೆಯೇ ಎಂದು ಬಗ್ಗಿಸಿ ನೋಡಬೇಕು. ಗಾಳಿಯ ಫಿಲ್ಟರನ್ನು ಬಿಚ್ಚಿ ಹೊಟ್ಟನ್ನು ಕೊಡವಬೇಕು. ಸೈಲೆನ್ಸರಿನ ಬಾಯಿಗೆ ಮಸಿ ಕಟ್ಟಿದ್ದರೂ ಇದೇ ಲಕ್ಷಣ ಕಾಣುವುದು.

(3) ಬಿಸಿಯಾದಾಗ ನಿಂತು, ಪೂರ್ತಿ ತಣ್ಣಗಾಗುವವರೆಗೆ ಏಳದಿರುವುದು. ಇಲ್ಲಿ ಕಿಡಿ ಕೊಡುವ ಕಾಯಿಲಿನ ಮೇಲೆ ಸಂಶಯಪಡಬೇಕು. ಚೆಲ್ಲಿದ ಪೆಟ್ರೋಲನ್ನು ಒರಸಿ, ಹಳೆಯ ಪ್ಲಗ್ಗನ್ನು ಅದರ ಸ್ಥಾನದಲ್ಲಿಯೇ ಬಿಟ್ಟು, ಇನ್ನೊಂದು ಪ್ಲಗ್ಗನ್ನು ತಂತಿಯ ಟೋಪಿಗೆ ಸಿಕ್ಕಿಸಿ, ಅದರ ಲೋಹವು ಎಂಜಿನ್ನಿನ ಲೋಹಕ್ಕೆ ತಗಲುವಂತಿರಿಸಿ ಹಗ್ಗವನ್ನೆಳೆಯಬೇಕು. ಬಿಸಿಯಲ್ಲಿ ಕಿಡಿಯಿಲ್ಲದೆ, ತಣ್ಣಗಾದ ಮೇಲೆ ಕಿಡಿ ಬಂದರೆ ಕಾಯಿಲು ಕೆಟ್ಟಿದೆಯೆಂದು ತಿಳಿಯತಕ್ಕದ್ದು. ಬಿಸಿಯಲ್ಲಿಯೂ ಒಳ್ಳೆಯ ಕಿಡಿಯಿದ್ದು, ಹಗ್ಗವು ಎಳೆಯಲು ಬಹಳ ಹಗುರವಾಗಿ ಬರುತ್ತಿದ್ದರೆ ಪಿಸ್ಟನ್ನು ಸವೆದು ಒತ್ತಡ ಕುಗ್ಗಿರಬಹುದು.

(4) ವೇಗವು ತಾನಾಗಿಯೇ ಏರಿ ಇಳಿದು, ಬಳಿಕ ನಿಲ್ಲುವುದು. ಇದೇ ಎಲ್ಲಕ್ಕಿಂತ ಅಪಾಯಕರವಾದುದು. ಹಳೆಯ ಆಯಿಲ್ ಸೀಲಿನ ಮೂಲಕವೋ, ಕಾರ್ಬುರೇಟರಿನ ಬುಡದಲ್ಲಿಯೋ ಹೊರಗಿನ ಗಾಳಿಯು ನುಗ್ಗುತ್ತಿರಬಹುದು. ಈ ಎಂಜಿನ್ನಿಗೆ ಎಣ್ಣೆಯು ಪೆಟ್ರೋಲಿನ ಜೊತೆಗೇ ಬರುವುದರಿಂದ, ಪೆಟ್ರೋಲು ಕಡಿಮೆಯಾದರೆ ಎಣ್ಣೆಯೂ ಕಡಿಮೆಯಾಗಿ ಪಿಸ್ಟನ್ನು ಕಚ್ಚಿಕೊಳ್ಳುವುದು. ತಿರುಪುಗಳನ್ನು ತಿರುಗಿಸಿ ಈ ದೋಷವನ್ನು ಮರೆಮಾಡಲು ಯತ್ನಿಸದೆ ಅನುಭವಸ್ಥ ಮೆಕ್ಯಾನಿಕ್ಕಿನವನಿಗೆ ತೋರಿಸತಕ್ಕದ್ದು.

(5) ಮರಕ್ಕೆ ಒತ್ತಿದಾಗ ಮಾತ್ರ ನಿಲ್ಲುವುದು. ಅನೇಕವೇಳೆ ದೋಷವು ಎಂಜಿನ್ನಿನಲ್ಲಿರುವುದೇ ಇಲ್ಲ. ಹರಿತವಾದ ಸರಪಳಿಯು ಚಕ್ಕೆಗಳನ್ನು ಉದುರಿಸುತ್ತದೆ. ಮೊಂಡಾದುದು ಹಿಟ್ಟಿನಂಥ ಪುಡಿಯನ್ನು ಉದುರಿಸುತ್ತದೆ. ಸರಪಳಿಯ ಬಿಗಿತ, ಅದಕ್ಕೆ ಎಣ್ಣೆ ಇಳಿಯುತ್ತಿರುವುದು, ಬ್ರೇಕು ಬಿಟ್ಟಿರುವುದು, ಈ ಮೂರನ್ನೂ ಮೊದಲು ನೋಡಬೇಕು.

ಪ್ಲಗ್ಗನ್ನು ಬಿಚ್ಚಿದಾಗ ಅದರ ತುದಿಯ ಬಣ್ಣವನ್ನೂ ಗಮನಿಸತಕ್ಕದ್ದು. ತಿಳಿಗಂದು ಬಣ್ಣವು ಆರೋಗ್ಯದ ಗುರುತು. ಕಪ್ಪಾಗಿ ಒದ್ದೆಯಿದ್ದರೆ ಪೆಟ್ರೋಲು ಅಥವಾ ಎಣ್ಣೆ ಅತಿಯಾಗಿದೆ, ಇಲ್ಲವೆ ಗಾಳಿಯ ಫಿಲ್ಟರು ಕಟ್ಟಿದೆ. ಸುಣ್ಣದಂತೆ ಬಿಳುಪಾಗಿದ್ದರೆ ಪೆಟ್ರೋಲು ಸಾಲದು, ಯಂತ್ರವು ಸುಡುತ್ತಿದೆ. ಇಂಥ ಯಂತ್ರಗಳಲ್ಲಿ ಪ್ಲಗ್ಗಿನ ಅಂತರವು ಸಾಮಾನ್ಯವಾಗಿ 0.5 ಮಿಲಿಮೀಟರು.

ಪೆಟ್ರೋಲಿನ ವಿಷಯದಲ್ಲಿ ವಿಶೇಷ ಎಚ್ಚರಿಕೆ ಅಗತ್ಯ. ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ದೊರೆಯಿತು. ಎಥನಾಲು ಗಾಳಿಯ ತೇವವನ್ನು ಹೀರುತ್ತದೆ. ಅದಕ್ಕೆ ಮೊದಲು ತಯಾರಾದ ಯಂತ್ರಗಳ ರಬ್ಬರು ನಳಿಗೆಯನ್ನೂ ಕಾರ್ಬುರೇಟರಿನ ತೆಳುಪೊರೆಯನ್ನೂ ಕಾಲಕ್ರಮದಲ್ಲಿ ಕೆಡಿಸಬಲ್ಲುದು. ಆದುದರಿಂದ ಬೇಕಾದಷ್ಟನ್ನೇ ತಂದು ಬೆರೆಸಬೇಕು. ಮಿಶ್ರಣವನ್ನು ಒಂದು ತಿಂಗಳಿಗಿಂತ ಹೆಚ್ಚು ಇಡಬಾರದು. ಯಂತ್ರದ ಪುಸ್ತಕವು 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿಲಿಲೀಟರು, 25ಕ್ಕೆ 1 ಎಂದಿದ್ದರೆ 40 ಮಿಲಿಲೀಟರು ಟೂ ಸ್ಟ್ರೋಕ್ ಎಣ್ಣೆಯನ್ನು ಅಳೆದು ಹಾಕತಕ್ಕದ್ದು, ಕಣ್ಣಂದಾಜು ಸಲ್ಲದು. ಮಳೆಗಾಲಕ್ಕೆ ಯಂತ್ರವನ್ನು ಎತ್ತಿಡುವ ಮುನ್ನ ಟ್ಯಾಂಕನ್ನು ಬರಿದುಮಾಡಿ, ತಾನಾಗಿ ನಿಲ್ಲುವವರೆಗೆ ಎಂಜಿನ್ನನ್ನು ಓಡಿಸಬೇಕು.

ಪರೀಕ್ಷೆ ಮಾಡುವಾಗ ಒಮ್ಮೆಗೆ ಒಂದನ್ನೇ ಬದಲಾಯಿಸಬೇಕು. ಇಲ್ಲದಿದ್ದರೆ ಯಾವುದರಿಂದ ಗುಣವಾಯಿತೆಂಬುದು ತಿಳಿಯದು. ಕಡಿಮೆ ಖರ್ಚಿನ ಫಿಲ್ಟರು, ಪ್ಲಗ್ಗು, ನಳಿಗೆಗಳನ್ನು ಮೊದಲು ನೋಡಿ, ಕಾರ್ಬುರೇಟರನ್ನು ಕೊನೆಯಲ್ಲಿ ಮುಟ್ಟುವುದು ಲೇಸು.

ಕಡೆಯದಾಗಿ, ನಿಂತ ಮರದಲ್ಲಿ ಗರಗಸವು ಸತ್ತುಹೋದರೆ ಆಳುಗಳೆಲ್ಲರನ್ನೂ ಕೂಡಲೇ ದೂರ ಸರಿಸಿ, ಮರದ ಎರಡರಷ್ಟು ಎತ್ತರದ ಸುತ್ತಳತೆಯೊಳಗೆ ಯಾರೂ ಬಾರದಂತೆ ಕಾವಲಿಡಬೇಕು. ಅಲ್ಲಿಯೇ ದುರಸ್ತಿಗೆ ಕೂಡಬಾರದು. ಉಳಿದ ಕೆಲಸವನ್ನು ಸರಿಯಾಗಿರುವ ಮತ್ತೊಂದು ಯಂತ್ರದಿಂದ, ಬಲ್ಲವನ ಕೈಯಿಂದಲೇ ಮುಗಿಸತಕ್ಕದ್ದು. ದೋಷವಿದೆಯೆಂದು ತಿಳಿದ ಯಂತ್ರವನ್ನು, ನಾಳೆ ನೋಡೋಣವೆಂದು, ಇಂದು ಮರದ ಬುಡಕ್ಕೆ ಕಳುಹಿಸದಿರುವುದೇ ಯಜಮಾನನ ಮೊದಲ ಕರ್ತವ್ಯ.