ವಿರೋಧೀ ಹಿಂಸೆಯ ಮೇರೆ: ಕಾವೇರಿ ವಿವಾದದ ನಿದರ್ಶನ

ಗೃಹಸ್ಥನ ಅಹಿಂಸಾಣುವ್ರತವನ್ನು ವಿವರಿಸುವಾಗ ಪಂಡಿತರು ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ವಿಂಗಡಿಸುತ್ತಾರೆ. ಅಡಿಗೆ ಮಾಡುವುದು, ಕುಟ್ಟುವುದು, ಬೀಸುವುದು, ಗುಡಿಸುವುದು ಮುಂತಾದ ಮನೆಗೆಲಸಗಳಲ್ಲಿ ಆಗುವುದು ಆರಂಭೀ. ಬೇಸಾಯ ವ್ಯಾಪಾರಗಳಲ್ಲಿ ಆಗುವುದು ಉದ್ಯೋಗೀ. ತನ್ನನ್ನೂ ತನ್ನ ಆಶ್ರಿತರನ್ನೂ ನಾಡನ್ನೂ ಆಕ್ರಮಣದಿಂದ ಕಾಯುವಾಗ ತಪ್ಪಿಸಲಾಗದೆ ಆಗುವುದು ವಿರೋಧೀ. ಈ ಮೂರನ್ನು ಶ್ರಾವಕನು ಪೂರ್ಣವಾಗಿ ತ್ಯಜಿಸಲಾರನು. ಎಚ್ಚರದಿಂದ ಕಡಮೆ ಮಾಡಿಕೊಳ್ಳಬೇಕು. ಸಂಕಲ್ಪೀ ಹಿಂಸೆಯನ್ನಾದರೋ ಬಿಟ್ಟೇ ತೀರಬೇಕು.

ಪಾಠಶಾಲೆಯಲ್ಲಿ ಇದು ಸುಲಭವಾಗಿ ಕಂಠಸ್ಥವಾಗುತ್ತದೆ. ಮಂಡ್ಯ, ಮದ್ದೂರು, ಮಳವಳ್ಳಿಗಳ ಬಯಲಿನಲ್ಲಿ, ವಿಶ್ವೇಶ್ವರಯ್ಯ ನಾಲೆಯ ನೀರು ನಿಂತ ವರ್ಷ, ಒಣಗುತ್ತಿರುವ ಭತ್ತದ ಮುಂದೆ ನಿಂತವನಿಗೆ ಇದೇ ಪಾಠ ಕಠಿಣವಾಗುತ್ತದೆ. ಅವನ ವಾದವನ್ನು ತಳ್ಳಿಹಾಕಲಾಗದು. ನೀರೆಂದರೆ ಜೀವ, ನೀರನ್ನು ಕಸಿಯುವುದು ಆಕ್ರಮಣ, ಆದ್ದರಿಂದ ಬಸ್ಸಿಗೆ ಬೆಂಕಿ ಹಚ್ಚಿದರೂ ಅದು ವಿರೋಧೀ ಹಿಂಸೆಯೇ ಹೊರತು ಸಂಕಲ್ಪೀ ಅಲ್ಲ ಎಂದು ಅವನು ಹೇಳಬಹುದು. ದೀರ್ಘಕಾಲದ ರಾಜಕೀಯ ವಿವಾದವನ್ನು ಹಿಂಸೆ ಎಂದಾದರೂ ಬಗೆಹರಿಸೀತೇ ಎಂಬ ಪ್ರಶ್ನೆಯನ್ನು ಈ ವಾದದ ಮೂಲಕ ವಿಚಾರಿಸುವುದು ಉಚಿತ.

ಕಾವೇರಿ ವಿವಾದದ ಬೇರು 1892 ಮತ್ತು 1924ರ ಒಪ್ಪಂದಗಳಲ್ಲಿದೆ. ಅವೆರಡೂ ಮೈಸೂರು ಸಂಸ್ಥಾನಕ್ಕೂ ಮದ್ರಾಸು ಸರ್ಕಾರಕ್ಕೂ ಆದವು. 1990ರ ಜೂನ್ ತಿಂಗಳಲ್ಲಿ ನ್ಯಾಯಮಂಡಳಿ ರಚಿತವಾಯಿತು. ಮರುವರ್ಷ ಅದೇ ತಿಂಗಳಲ್ಲಿ ಕರ್ನಾಟಕವು ವರ್ಷಕ್ಕೆ 205 ಟಿಎಂಸಿ ಅಡಿ ನೀರು ಹರಿಸಬೇಕೆಂಬ ಮಧ್ಯಂತರ ಆದೇಶ ಹೊರಟಿತು. (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ.) ಈ ಆದೇಶವನ್ನು ನಿವಾರಿಸಲು ರಾಜ್ಯ ಸರ್ಕಾರ ಹೊರಡಿಸಿದ ಸುಗ್ರೀವಾಜ್ಞೆಯನ್ನು ಸುಪ್ರೀಂ ಕೋರ್ಟು ಅಸಾಂವಿಧಾನಿಕವೆಂದಿತು. ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವು ಆದೇಶವನ್ನು ರಾಜಪತ್ರದಲ್ಲಿ ಪ್ರಕಟಿಸಿದೊಡನೆ ಬೆಂಗಳೂರು ಹಾಗೂ ಮೈಸೂರು ಕಡೆಗಳಲ್ಲಿ ದೊಂಬಿ ಎದ್ದಿತು. ಪ್ರಾಣಹಾನಿಯಾಯಿತು, ಗುಡಿಸಲುಗಳು ಬೆಂದವು, ಸಾವಿರಾರು ತಮಿಳು ಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು ಊರು ಬಿಟ್ಟವು.

ಬೆಂಕಿಗೆ ಸಿಕ್ಕವರು ಯಾರು? ಬಹುಪಾಲು ಕೂಲಿಯವರು, ಗಾರೆ ಕೆಲಸದವರು, ಚಿಕ್ಕ ಅಂಗಡಿಯವರು. 205 ಎಂಬ ಅಂಕಿಯನ್ನು ಬರೆದವರಲ್ಲಿ ಅವರೊಬ್ಬರೂ ಇರಲಿಲ್ಲ. ಆ ನೀರು ಹರಿದುಬಂದಿದ್ದರೂ ಅವರ ಗುಡಿಸಲಿನ ಬಿಂದಿಗೆಗೆ ಒಂದು ಹನಿಯೂ ಬೀಳುತ್ತಿರಲಿಲ್ಲ. ವಿರೋಧೀ ಹಿಂಸೆಗೆ ಮೊದಲು ವಿರೋಧಿಯೊಬ್ಬನು ಇರಬೇಕು, ಅವನು ಮೇಲೆರಗಿ ಬಂದಿರಬೇಕು. ನಿರಪರಾಧಿಯನ್ನು ಅವನ ಭಾಷೆಯಿಂದ ಗುರುತಿಸಿ, ಮನೆ ಹುಡುಕಿಕೊಂಡು ಹೋಗಿ ಬಡಿಯುವುದಕ್ಕೆ ಸಂಕಲ್ಪೀ ಎಂಬ ಹೆಸರಲ್ಲದೆ ಬೇರೊಂದು ಹೆಸರು ಶಾಸ್ತ್ರದಲ್ಲಿ ದೊರೆಯದು. ಹಿಂಸೆಯ ಲಕ್ಷಣವನ್ನು ಹೇಳುವಾಗ ಉಮಾಸ್ವಾಮಿಗಳು ಪ್ರಾಣಹರಣಕ್ಕೆ ಪ್ರಮಾದವನ್ನು ಕಾರಣವಾಗಿ ಸೇರಿಸಿದ್ದು ಸುಮ್ಮನೆ ಅಲ್ಲ. ಗುಂಪಿನ ಕ್ರೋಧ ಪ್ರಮಾದವಲ್ಲದೆ ಮತ್ತೇನು?

ಇನ್ನು ಫಲದ ವಿಚಾರ. ಆ ದೊಂಬಿಯಿಂದ 205 ಎಂಬುದು 204 ಆಗಲಿಲ್ಲ. ಹದಿನೈದು ವರ್ಷಗಳಿಗೂ ಮಿಕ್ಕಿ ಆದೇಶ ಹಾಗೆಯೇ ನಿಂತಿತು. ಅಂಕಿ ಕದಲಿದ್ದು ಬೇರೆ ದಾರಿಯಲ್ಲಿ. 1995ರ ಬರದಲ್ಲಿ 11 ಟಿಎಂಸಿ ಬಿಡಬೇಕೆಂದು ಮಂಡಳಿ ಹೇಳಿದಾಗ, ಪ್ರಧಾನಿ ನರಸಿಂಹರಾಯರು ನಡೆಸಿದ ಸಮಾಲೋಚನೆಯಲ್ಲಿ ಅದು 6ಕ್ಕೆ ಇಳಿಯಿತು. 2007ರ ಫೆಬ್ರವರಿ 5ರ ಅಂತಿಮ ತೀರ್ಪು ಕರ್ನಾಟಕಕ್ಕೆ 270 ಟಿಎಂಸಿ ಕೊಟ್ಟು, ತಮಿಳುನಾಡಿನ ಗಡಿಯಲ್ಲಿ 192 ಹರಿಸಬೇಕೆಂದಿತು. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟು ಈ 192ನ್ನು 177.25ಕ್ಕೆ ಇಳಿಸಿ, ಕರ್ನಾಟಕದ ಪಾಲಿಗೆ 14.75 ಟಿಎಂಸಿ ಸೇರಿಸಿತು. ಅದರಲ್ಲಿ 10 ಟಿಎಂಸಿಯು ತಮಿಳುನಾಡಿನಲ್ಲಿ ಅಂತರ್ಜಲ ಲಭ್ಯವಿದೆ ಎಂಬ ಲೆಕ್ಕದಿಂದ ಬಂದದ್ದು, 4.75 ಬೆಂಗಳೂರಿನ ಕುಡಿಯುವ ನೀರಿನ ಲೆಕ್ಕದಿಂದ. ಬಾವಿಗಳ ನೀರಿನ ಮಟ್ಟವನ್ನೂ ನಗರದ ಜನರ ಬಾಯಾರಿಕೆಯನ್ನೂ ಅಳೆದು ಬರೆದಿಟ್ಟವರ ಕಡತಗಳು ಗಳಿಸಿಕೊಟ್ಟ ನೀರು ಇದು. ಅವರ ಹೆಸರು ಹೇಳಿ ಜಯಕಾರ ಹಾಕುವವರಿಲ್ಲ.

2016ರ ಸೆಪ್ಟೆಂಬರ್ 12 ಮತ್ತೊಂದು ಸಾಕ್ಷಿ. ಆದೇಶವನ್ನು ತಡೆಹಿಡಿಯಬೇಕೆಂಬ ಕರ್ನಾಟಕದ ಅರ್ಜಿಯಲ್ಲಿ ಜನರ ಪ್ರತಿಭಟನೆಯನ್ನು ಕಾರಣವಾಗಿ ತೋರಿಸಿದ್ದಕ್ಕೆ ನ್ಯಾಯಾಲಯ ಅಂದು ಅಸಮಾಧಾನ ತಾಳಿತು. ದಿನಕ್ಕೆ 15,000 ಕ್ಯುಸೆಕ್ಸ್ ಇದ್ದದ್ದು 12,000 ಆಯಿತು, ನಿಜ. ಆದರೆ ಬಿಡಬೇಕಾದ ದಿನಗಳು 20ನೆಯ ತಾರೀಕಿನವರೆಗೆ ಬೆಳೆದವು. ಅದೇ ದಿನ ಬೆಂಗಳೂರಿನಲ್ಲಿ ಒಂದೆಡೆ ನಿಲ್ಲಿಸಿದ್ದ ಹತ್ತಾರು ಬಸ್ಸುಗಳು ಸುಟ್ಟುಹೋದವು. ಸತ್ತವರು ಇಬ್ಬರೂ ಈ ನಾಡಿನವರೇ.

ಶಾಂತರಾಗಿದ್ದರೆ ಯಾರು ಕೇಳುತ್ತಾರೆ ಎಂಬ ಆಕ್ಷೇಪ ಉಳಿಯುತ್ತದೆ. ಅದಕ್ಕೆ ಉತ್ತರ ಮದ್ದೂರಿನ ಮಗ್ಗುಲಲ್ಲೇ ಇದೆ. 1938ರ ಏಪ್ರಿಲ್ 11ರಂದು ಶಿವಪುರದಲ್ಲಿ ಟಿ. ಸಿದ್ಧಲಿಂಗಯ್ಯನವರು ನಿಷೇಧಾಜ್ಞೆಯನ್ನು ಮೀರಿ ಕಾಂಗ್ರೆಸ್ ಧ್ವಜವನ್ನೇರಿಸಿ ಬಂಧನಕ್ಕೊಳಗಾದರು. ಸೇರಿದ್ದ ಸಾವಿರಾರು ರೈತರು ಕೈಯೆತ್ತಲಿಲ್ಲ. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಪೊಲೀಸರು ಗುಂಡು ಹಾರಿಸಿದರು, ಜನ ಸತ್ತರು, ಧ್ವಜದ ಪ್ರಶ್ನೆ ಮಾತ್ರ ಸಾಯಲಿಲ್ಲ. ಮೇ ತಿಂಗಳಲ್ಲಿ ಸರ್ದಾರ್ ಪಟೇಲರು ಬೆಂಗಳೂರಿಗೆ ಬಂದು ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಮಾತನಾಡಿದ ಮೇಲೆ, ಸಂಸ್ಥಾನದ ಬಾವುಟದ ಜೊತೆಗೆ ಆ ಧ್ವಜವೂ ಹಾರಬಹುದೆಂದು ಒಪ್ಪಂದವಾಯಿತು. ಗುಂಡಿನಿಂದ ಸರ್ಕಾರಕ್ಕೆ ಆಗದ್ದು ಮಾತಿನಿಂದ ಎರಡು ಪಕ್ಷಗಳಿಗೂ ಆಯಿತು.

ಮದ್ದೂರು ತಾಲ್ಲೂಕಿನ ಅರೆತಿಪ್ಪೂರಿನ ಗುಡ್ಡದ ಮೇಲೆ ಪ್ರಾಚೀನವಾದ ಬಾಹುಬಲಿ ವಿಗ್ರಹವಿದೆ. ಆತನ ಕಥೆ ಎಲ್ಲ ಮನೆಗಳಿಗೂ ಗೊತ್ತು. ಆದರೂ ಅದರ ಒಂದೆರಡು ಘಟ್ಟಗಳನ್ನು ನೆನೆಯಬೇಕು. ಭರತ ಬಾಹುಬಲಿಗಳ ಸೈನ್ಯಗಳು ಎದುರುಬದುರಾದಾಗ, ಇಬ್ಬರೂ ಚರಮಶರೀರಿಗಳು, ಇವರಿಗೇನೂ ಆಗದು, ಸಾಯುವವರು ಸೈನಿಕರು ಎಂದು ಕಂಡುಕೊಂಡವರು ಮಂತ್ರಿಗಳು. ಆದ್ದರಿಂದಲೇ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳು ಗೊತ್ತಾದವು. ಸ್ಪರ್ಧೆಯನ್ನು ಅವರು ಅಳಿಸಲಿಲ್ಲ, ನಿಯಮಕ್ಕೆ ಒಳಪಡಿಸಿದರು. ಮೂರರಲ್ಲಿಯೂ ಸೋತ ಭರತನು ನಿಯಮವನ್ನು ಮೀರಿ ಚಕ್ರವನ್ನು ಬಿಟ್ಟನು. ಅದು ಬಾಹುಬಲಿಗೆ ಪ್ರದಕ್ಷಿಣೆ ಬಂದು ನಿಂತಿತು. ನಾಚಿ ತಲೆಬಾಗಿದವನು ಬಿಟ್ಟವನೇ. ತೀರ್ಪು ಪ್ರತಿಕೂಲವಾದ ದಿನ ಬೀದಿಗಿಳಿದು ಬೆಂಕಿ ಹಚ್ಚುವುದು ಈ ಚಕ್ರಪ್ರಯೋಗದ ಜಾತಿಗೇ ಸೇರಿದ್ದು.

ಈ ದೃಷ್ಟಿಯಿಂದ 2003ರಲ್ಲಿ ಹುಟ್ಟಿದ ಕಾವೇರಿ ಕುಟುಂಬದ ಪ್ರಯತ್ನ ಗಮನಾರ್ಹ. ಚೆನ್ನೈಯ ಮದ್ರಾಸ್ ಅಭಿವೃದ್ಧಿ ಅಧ್ಯಯನ ಸಂಸ್ಥೆಯ ನೆರವಿನಿಂದ ಎರಡು ರಾಜ್ಯಗಳ ರೈತರು ಸೇರಿ ಕಟ್ಟಿದ ಸಮಿತಿ ಅದು. ಇಲ್ಲಿಯವರು ಮುಖಜಭೂಮಿಗೆ ಹೋದರು, ಅಲ್ಲಿಯವರು ಇಲ್ಲಿಗೆ ಬಂದರು. ಪರಸ್ಪರರ ಒಣಗಿದ ಗದ್ದೆಗಳನ್ನು ಕಣ್ಣಾರೆ ಕಂಡರು. ಹಂಚಿಕೆಯ ಸೂತ್ರವೊಂದು ಅವರಿಂದ ಹೊರಬರಲಿಲ್ಲವೆಂಬುದೂ ಸತ್ಯವೇ.

ಆ ಕೊರತೆ ತೀರ್ಪುಗಳಲ್ಲಿಯೂ ಉಳಿದಿದೆ. ಮೇಲಿನ ಅಂಕಿಗಳೆಲ್ಲ ಸಾಧಾರಣ ಮಳೆಯ ವರ್ಷಕ್ಕೆ ಸಂಬಂಧಿಸಿದವು. ಸಂಕಷ್ಟದ ವರ್ಷದಲ್ಲಿ ಕೊರತೆಯನ್ನು ಅದೇ ಅನುಪಾತದಲ್ಲಿ ಹಂಚಿಕೊಳ್ಳಬೇಕೆಂಬ ಮಾತುಂಟು. ಯಾವ ತಿಂಗಳಲ್ಲಿ ಎಷ್ಟೆಂಬುದಕ್ಕೆ ಇಬ್ಬರೂ ಒಪ್ಪಿದ ಸೂತ್ರವಿಲ್ಲ. 2023ರ ಮಳೆ ಕೈಕೊಟ್ಟಾಗ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರವು 5,000 ಕ್ಯುಸೆಕ್ಸ್ ಬಿಡಲು ಹೇಳಿತು; ಮಂಡ್ಯದಲ್ಲಿ ವಿಶ್ವೇಶ್ವರಯ್ಯನವರ ಪ್ರತಿಮೆಯ ಎದುರು ರೈತರು ಧರಣಿ ಕುಳಿತರು; ಸೆಪ್ಟೆಂಬರ್ 29ರಂದು ರಾಜ್ಯವೇ ಬಂದ್ ಆಚರಿಸಿತು. 1991ರಂತೆ ಗುಡಿಸಲುಗಳು ಉರಿಯಲಿಲ್ಲ. ಸೂತ್ರವೂ ಆಗಲಿಲ್ಲ. ಕನ್ನಂಬಾಡಿ ಕಟ್ಟೆಯ ಒಳಹರಿವನ್ನೂ ಬಿಳಿಗುಂಡ್ಲುವಿನ ಹೊರಹರಿವನ್ನೂ ದಿನದಿನ ಬರೆದಿಡುವ ಪುಸ್ತಕಗಳಲ್ಲಿ ಅದಕ್ಕೆ ಬೇಕಾದ ಲೆಕ್ಕಗಳಿವೆ. ಮುಂದಿನ ಬರ ಬರುವ ಮುನ್ನ ಎರಡು ಕಡೆಯವರೂ ಕುಳಿತು ಅವನ್ನು ಓದಬೇಕಾಗಿದೆ.