ಎರಡು ಕೆಜಿ ರವೆ, ಮೂವತ್ತು ಜನ

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಸಂಘದ ನಾಟಕದ ರಿಹರ್ಸಲ್ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಇರ್ತಿತ್ತು. ಭಾನುವಾರ ಹಾಸ್ಟೆಲ್‌ನವರು ಏಳೋದೇ ಒಂಬತ್ತೂವರೆಗೆ. ಅಷ್ಟೊತ್ತಿಗೆ ಮೆಸ್ಸಿನ ತಿಂಡಿ ಮುಗಿದಿರುತ್ತೆ, ಊಟ ಒಂದು ಗಂಟೆಗೆ. ನಡುವೆ ಮೂವತ್ತು ಜನ ಖಾಲಿ ಹೊಟ್ಟೆಯಲ್ಲಿ ಡೈಲಾಗ್ ಹೇಳಬೇಕು. ಅದಕ್ಕೆ ತಲೆಗೆ ನಲವತ್ತು ರೂಪಾಯಿ ಹಾಕಿ, ಒಬ್ಬ ಸೀನಿಯರ್‌ನ ಬಾಡಿಗೆ ಮನೆಯಲ್ಲಿ ಹನ್ನೊಂದು ಗಂಟೆಯ ತಿಂಡಿ ನಾವೇ ಮಾಡೋಣ ಅಂತ ತೀರ್ಮಾನ ಆಯ್ತು. ಜವಾಬ್ದಾರಿ ನನ್ನದು. ಅಮ್ಮ ನಾಲ್ಕು ಜನಕ್ಕೆ ಉಪ್ಪಿಟ್ಟು ಮಾಡೋದನ್ನ ನೂರು ಸಲ ನೋಡಿದ್ದೆ. ಎಲ್ಲವನ್ನೂ ಏಳೂವರೆಯಿಂದ ಗುಣಿಸಿದ್ರೆ ಆಯ್ತಲ್ಲ ಅಂದ್ಕೊಂಡೆ.

ಆಗಲಿಲ್ಲ. ತಳ ಸೀದು ಹೋಯ್ತು, ಮೇಲೆ ನಿಂಬೆಹಣ್ಣಿನ ಗಾತ್ರದ ಗಂಟುಗಳು, ಗಂಟು ಒಡೆದ್ರೆ ಒಳಗೆ ಒಣ ರವೆ. ಖಾರ ಮಾತ್ರ ವಿಪರೀತ. ಇವತ್ತು ತಿಂಡಿ ಇದೆ ಅಂತ ನಂಬಿ ಹಿಂದಿನ ರಾತ್ರಿ ಊಟಾನೂ ಬಿಟ್ಟಿದ್ದ ಫಸ್ಟ್ ಇಯರ್ ಹುಡುಗ ಒಬ್ಬ "ಚೆನ್ನಾಗಿದೆ ಅಣ್ಣ" ಅಂತ ಎರಡು ಚಮಚ ತಿಂದು, ತಟ್ಟೆಯನ್ನ ಮೆಲ್ಲಗೆ ಪಕ್ಕಕ್ಕಿಟ್ಟ. ಬೈದಿದ್ರೆ ಪರವಾಗಿರಲಿಲ್ಲ. ಅವತ್ತು ಸಂಜೆ ಮೆಸ್ಸಿನ ಅಡುಗೆ ಅಣ್ಣನ ಹತ್ರ ಹೋಗಿ ಕೂತೆ. ಆಮೇಲೆ ಐದು ಭಾನುವಾರ ಅದೇ ಅಡುಗೆ ಮಾಡಿದ್ದೇನೆ. ಕಲಿತದ್ದನ್ನ ಇಲ್ಲಿ ಬರೀತಿದ್ದೀನಿ; ಫೆಸ್ಟ್, ರಿಹರ್ಸಲ್, ಬರ್ತ್‌ಡೇ ಅಂತ ನಿಮಗೂ ಈ ಕೆಲಸ ಬಂದೇ ಬರುತ್ತೆ.

ಮೊದಲ ಪ್ರಶ್ನೆ, ಯಾವ ತಿಂಡಿ? ಎಲ್ಲರೂ ಒಕ್ಕೊರಲಿನಿಂದ ದೋಸೆ ಅಂತಾರೆ. ಲೆಕ್ಕ ಹಾಕಿ. ಮೂವತ್ತು ಜನ, ತಲೆಗೆ ಎರಡು, ಅರವತ್ತು ದೋಸೆ. ಒಂದು ಕಾವಲಿ, ದೋಸೆಗೆ ಎರಡು ನಿಮಿಷ ಅಂದ್ರೂ ಎರಡು ಗಂಟೆ. ಮೊದಲನೆಯವನಿಗೆ ಮತ್ತೆ ಹಸಿವಾಗೋ ಹೊತ್ತಿಗೆ ಕೊನೆಯವನ ತಟ್ಟೆಗೆ ದೋಸೆ ಬೀಳುತ್ತೆ. ದೋಸೆ, ಚಪಾತಿ, ಪೂರಿ ಎಲ್ಲ ಸೀರಿಯಲ್ ಪ್ರೊಸೆಸ್. ಗುಂಪಿಗೆ ಬೇಕಾದ್ದು ಒಂದೇ ಪಾತ್ರೆಯಲ್ಲಿ ಒಂದೇ ಸಲಕ್ಕೆ ಆಗುವಂಥದ್ದು. ಇಡ್ಲಿಗೆ ಹಿಂದಿನ ದಿನವೇ ನೆನೆಸಿ, ರುಬ್ಬಿ, ಹುದುಗು ಬರಿಸಬೇಕು. ರವೆಗೆ ಇದ್ಯಾವುದೂ ಬೇಡ. ಇನ್ನೊಂದು ಲಾಭ, ಒಂದೇ ಚೀಲದ ರವೆಯಿಂದ ಖಾರವೂ ಆಗುತ್ತೆ, ಸಿಹಿಯೂ ಆಗುತ್ತೆ. ಖಾರಾಬಾತ್ ಒಂದು ಸೌಟು, ಕೇಸರಿಬಾತ್ ಒಂದು ಸೌಟು, ಪಕ್ಕದಲ್ಲಿ ಚಟ್ನಿ. ಬೆಂಗಳೂರಿನ ದರ್ಶಿನಿಗಳಲ್ಲಿ ಚೌಚೌ ಬಾತ್ ಅಂತ ಕೊಡೋದು ಇದನ್ನೇ.

ಹೆಸರಿನ ಬಗ್ಗೆ ಒಂದು ಮಾತು. ನಮ್ಮ ತಂಡದಲ್ಲಿ ಇದರ ಮೇಲೇ ಅರ್ಧ ಗಂಟೆ ಜಗಳ ಆಗಿತ್ತು. ಹುಬ್ಬಳ್ಳಿ ಕಡೆಯವರಿಗೆ ಸಿಹಿ ಅಂದ್ರೆ ಶಿರಾ. ಮಂಗಳೂರು ಕಡೆಯವರು ಸಜ್ಜಿಗೆ ಅಂದ್ರೆ ಉಪ್ಪಿಟ್ಟು. ಅದೇ ಸಜ್ಜಿಗೆ ಮೈಸೂರು ಕಡೆ ಸತ್ಯನಾರಾಯಣ ಪೂಜೆಯ ಸಿಹಿ ಪ್ರಸಾದ. "ನಾಳೆ ಸಜ್ಜಿಗೆ" ಅಂತ ಗ್ರೂಪಿನಲ್ಲಿ ಹಾಕಿದ್ರೆ ಅರ್ಧ ಜನ ಖಾರ ಅಂದ್ಕೊಂಡು ಬರ್ತಾರೆ, ಅರ್ಧ ಜನ ಸಿಹಿ ಅಂದ್ಕೊಂಡು. ಎರಡನ್ನೂ ಮಾಡಿದ್ರೆ ಯಾರಿಗೂ ಮೋಸ ಇಲ್ಲ!

ಈಗ ಅಳತೆ. ಅಂಗಡಿಯಲ್ಲಿ ಬಾಂಬೆ ರವೆ ಅಂತ ಕೇಳಿ, ಎರಡು ಕೆಜಿ ತನ್ನಿ. ಒಂದೂವರೆ ಕೆಜಿ ಖಾರಕ್ಕೆ, ಅರ್ಧ ಕೆಜಿ ಸಿಹಿಗೆ. ಖಾರಾಬಾತ್‌ಗೆ ಒಂದು ಅಳತೆ ರವೆಗೆ ಮೂರು ಅಳತೆ ನೀರು. ತೂಕದಲ್ಲಲ್ಲ, ಒಂದೇ ಪಾತ್ರೆಯಲ್ಲಿ ಅಳೆದು. ಒಂದೂವರೆ ಕೆಜಿ ರವೆ ಎರಡು ಲೀಟರ್‌ಗಿಂತ ಸ್ವಲ್ಪ ಹೆಚ್ಚಾಗುತ್ತೆ, ಹಾಗಾಗಿ ನೀರು ಆರೂವರೆ ಲೀಟರ್ ಹತ್ರ. ತರಕಾರಿ ಸೇರಿದ್ರೆ ಒಂಬತ್ತು ಕೆಜಿ ಮೇಲೆ. ಕೈಯಾಡಿಸೋಕೂ ಜಾಗ ಬೇಕು, ಅದಕ್ಕೆ ಹದಿನೈದು ಲೀಟರ್‌ನ ದಪ್ಪ ತಳದ ಪಾತ್ರೆ ಬೇಕು. ಮನೆಯಲ್ಲಿ ಇರಲ್ಲ. ಶಾಮಿಯಾನ ಅಂಗಡಿಯಲ್ಲಿ ಬಾಡಿಗೆಗೆ ಸಿಗುತ್ತೆ, ಉದ್ದ ಹಿಡಿಯ ಸೌಟೂ ಅಲ್ಲೇ ಕೇಳಿ.

ಅಡುಗೆ ಅಣ್ಣ ನನ್ನ ಕಥೆ ಎಲ್ಲ ಕೇಳಿ ಮೊದಲು ಕೇಳಿದ್ದು, "ರವೆ ಎಷ್ಟು ಹೊತ್ತು ಹುರಿದೆ ಕಣಪ್ಪಾ?" ಎರಡು ನಿಮಿಷ ಅಂದೆ. ನಕ್ಕುಬಿಟ್ರು. ಗಂಟು ಯಾಕೆ ಆಗುತ್ತೆ ಅಂದ್ರೆ, ರವೆಯಲ್ಲಿರೋ ಪಿಷ್ಟ ಸುಮಾರು 60 ಡಿಗ್ರಿ ದಾಟಿದ ಮೇಲೆ ನೀರು ಹೀರಿ ಉಬ್ಬಿ ಅಂಟಾಗುತ್ತೆ. ಒಂದು ಹಿಡಿ ರವೆ ಒಟ್ಟಿಗೆ ಕುದಿಯೋ ನೀರಿಗೆ ಬಿದ್ರೆ ಹೊರಗಿನ ಪದರ ತಕ್ಷಣ ಅಂಟಾಗಿ ಒಂದು ಚಿಪ್ಪಿನ ಹಾಗೆ ಕೂತುಬಿಡುತ್ತೆ. ಒಳಕ್ಕೆ ನೀರು ಹೋಗೋ ದಾರಿಯೇ ಬಂದ್. ತುಪ್ಪ ಹಾಕಿ ಹುರಿದಾಗ ಪ್ರತಿ ಕಾಳಿಗೂ ಜಿಡ್ಡು ಹತ್ತುತ್ತೆ, ನೀರು ನಿಧಾನಕ್ಕೆ ಒಳಗೆ ಹೋಗುತ್ತೆ, ಕಾಳು ಕಾಳು ಬಿಡಿಯಾಗಿ ಉಳಿಯುತ್ತೆ. ಮಧ್ಯಮ ಉರಿಯಲ್ಲಿ ಕೆಜಿಗೆ ಹತ್ತು ಹನ್ನೆರಡು ನಿಮಿಷ, ಘಮ ಬಂದು ಒಣ ಮರಳಿನ ಹಾಗೆ ಉದುರೋವರೆಗೆ. ಕೆಂಪಾಗಬಾರದು. ಎರಡು ಕೆಜಿ ಒಟ್ಟಿಗೆ ಬೇಡ, ಎರಡು ಮೂರು ಸಲ ಮಾಡಿ. ಇದನ್ನ ಶನಿವಾರ ರಾತ್ರಿಯೇ ಹುರಿದಿಟ್ರೆ ಭಾನುವಾರದ ಅರ್ಧ ಗಂಟೆ ಉಳೀತು. ತರಕಾರಿ ಹೆಚ್ಚೋದೂ ರಾತ್ರಿಯೇ.

ನನ್ನ ಎರಡನೇ ತಪ್ಪು ನೀರಿನದ್ದು. ಆರೂವರೆ ಲೀಟರ್ ನೀರನ್ನ 25 ಡಿಗ್ರಿಯಿಂದ 100ಕ್ಕೆ ತರೋಕೆ 6.5 × 4.18 × 75, ಅಂದ್ರೆ ಸುಮಾರು 2040 ಕಿಲೋಜೂಲ್ ಬೇಕು. 2000 ವ್ಯಾಟ್‌ನ ಇಂಡಕ್ಷನ್ ಒಲೆ ತನ್ನ ಶಾಖವನ್ನೆಲ್ಲಾ ನೀರಿಗೇ ಕೊಟ್ರೂ 17 ನಿಮಿಷ, ನಿಜದಲ್ಲಿ ಇಪ್ಪತ್ತರ ಮೇಲೆ. ಫಸ್ಟ್ ಇಯರ್‌ನಲ್ಲಿ ಪರೀಕ್ಷೆಗೆ ಬರೆದ ಲೆಕ್ಕಾನೇ ಇದು. ಅಡುಗೆಮನೆಯಲ್ಲಿ ಮಾತ್ರ ನೆನಪಾಗಲಿಲ್ಲ. ಒಗ್ಗರಣೆ ಮೇಲೆ ತಣ್ಣೀರು ಸುರಿದು, ಕುದಿಯೋಕೆ ಮುಂಚೆ ತಾಳ್ಮೆಗೆಟ್ಟು ರವೆ ಹಾಕಿದ್ದೆ. ನೀರನ್ನ ಬೇರೆ ಒಲೆಯಲ್ಲಿ ಮೊದಲೇ ಕಾಯಿಸೋಕೆ ಇಡಿ. ಲೆಕ್ಕಕ್ಕಿಂತ ಅರ್ಧ ಲೀಟರ್ ಜಾಸ್ತಿ ಕಾಯಿಸಿ, ಅದು ಕೊನೆಗೆ ಬೇಕಾಗುತ್ತೆ.

ಇನ್ನು ಮಾಡೋದು. ಕಾಲು ಲೀಟರ್ ಎಣ್ಣೆಗೆ ಸಾಸಿವೆ, ಉದ್ದಿನಬೇಳೆ, ಕಡಲೆಬೇಳೆ, ಕರಿಬೇವು. ಹಸಿಮೆಣಸಿನಕಾಯಿಯನ್ನ ಮಾತ್ರ ಗುಣಿಸಬೇಡಿ. ನಾಲ್ಕು ಜನಕ್ಕೆ ಮೂರು ಅಂತ ಮೂವತ್ತು ಜನಕ್ಕೆ ಇಪ್ಪತ್ತೆರಡು ಹಾಕಿ ನಾನು ಅನುಭವಿಸಿದ್ದೀನಿ. ಹನ್ನೆರಡು ಸಾಕು, ವಾಂಗಿಬಾತ್ ಪುಡಿಯಲ್ಲೂ ಖಾರ ಇರುತ್ತೆ. ಅರ್ಧ ಕೆಜಿ ಈರುಳ್ಳಿ, ಒಂದಿಷ್ಟು ದಪ್ಪ ಮೆಣಸಿನಕಾಯಿ, ಅರ್ಧ ಕೆಜಿ ಟೊಮೆಟೊ ಬಾಡಿಸಿ, ಅರಿಶಿನ, ನಾಲ್ಕು ದೊಡ್ಡ ಚಮಚ ವಾಂಗಿಬಾತ್ ಪುಡಿ. ಬೀನ್ಸ್, ಕ್ಯಾರೆಟ್, ಬಟಾಣಿ ಬೇರೆಯಾಗಿ ಬೇಯಿಸಿ ಸೇರಿಸಿ. ಬಿಸಿನೀರು, ಉಪ್ಪು ಹಾಕಿ ಆ ನೀರನ್ನ ರುಚಿ ನೋಡಿ. ನಾಲಿಗೆಗೆ ಸ್ವಲ್ಪ ಉಪ್ಪು ಜಾಸ್ತಿ ಅನ್ನಿಸಬೇಕು, ರವೆ ಬಿದ್ದ ಮೇಲೆ ಸರಿಹೋಗುತ್ತೆ. ಆಮೇಲೆ ಉಪ್ಪು ಹಾಕಿದ್ರೆ ಒಂಬತ್ತು ಕೆಜಿಗೆ ಬೆರೆಯೋದೇ ಇಲ್ಲ.

ರವೆ ಹಾಕೋಕೆ ಇಬ್ಬರು ಬೇಕು. ಉರಿ ಸಣ್ಣ ಮಾಡಿ, ಒಬ್ಬರು ಸಣ್ಣ ಧಾರೆಯಾಗಿ ಬಿಡ್ತಾ ಇರಬೇಕು, ಇನ್ನೊಬ್ಬರು ತಳದಿಂದ ಕೈಯಾಡಿಸ್ತಾ ಇರಬೇಕು. ಗಟ್ಟಿಯಾಗ್ತಿದ್ದ ಹಾಗೆ ಮುಚ್ಚಿ, ಐದಾರು ನಿಮಿಷ ಸಣ್ಣ ಉರಿ, ಆಮೇಲೆ ಒಲೆ ಆರಿಸಿ ಹತ್ತು ನಿಮಿಷ ಹಾಗೇ ಬಿಡಿ. ದೊಡ್ಡ ಪಾತ್ರೆಯಲ್ಲಿ ಒಳಗಿನ ಬಿಸಿ ಬೇಗ ಹೊರಗೆ ಹೋಗಲ್ಲ, ಒಲೆ ಆರಿಸಿದ ಮೇಲೂ ಬೇಯ್ತಾನೇ ಇರುತ್ತೆ. ಪೂರ್ತಿ ಗಟ್ಟಿಯಾಗೋವರೆಗೆ ಒಲೆ ಮೇಲೇ ಇಟ್ರೆ ಬಡಿಸೋ ಹೊತ್ತಿಗೆ ಕಾಂಕ್ರೀಟ್ ಆಗಿರುತ್ತೆ. ಉಪ್ಪಿಟ್ಟಿಗೆ ಆ ಅಡ್ಡಹೆಸರು ಸುಮ್ಮನೆ ಬಂದಿಲ್ಲ, ಸಿವಿಲ್‌ನವರು ಕ್ಷಮಿಸಿ. ತಡವಾಗಿ ಬರೋರಿಗೆ ಆ ಅರ್ಧ ಲೀಟರ್ ಬಿಸಿನೀರಲ್ಲಿ ಸ್ವಲ್ಪ ಚಿಮುಕಿಸಿ, ಚಮಚ ತುಪ್ಪ ಹಾಕಿ ಕೆದಕಿದ್ರೆ ಮತ್ತೆ ಮೆತ್ತಗಾಗುತ್ತೆ. ನಿಂಬೆರಸ, ಕೊತ್ತಂಬರಿ, ಕಾಯಿತುರಿ ಒಲೆ ಆರಿಸಿದ ಮೇಲೆ.

ಕೇಸರಿಬಾತ್ ನೋಡೋಕೆ ಕಷ್ಟ, ಮಾಡೋಕೆ ಖಾರಾಬಾತ್‌ಗಿಂತ ಸುಲಭ. ಒಂದು ಅಳತೆ ರವೆಗೆ ಮೂರು ನೀರು, ಒಂದೂವರೆ ಸಕ್ಕರೆ, ಅರ್ಧ ತುಪ್ಪ. ಅರ್ಧ ಕೆಜಿ ರವೆಗೆ ಸಕ್ಕರೆ ಒಂಬೈನೂರು ಗ್ರಾಂ ಒಳಗೆ, ತುಪ್ಪ ಮುನ್ನೂರು ಗ್ರಾಂ. ನೆನಪಿಡಬೇಕಾದ್ದು ಸಕ್ಕರೆ ಹಾಕೋ ಹೊತ್ತು. ಸಕ್ಕರೆಗೂ ನೀರು ಬೇಕು, ರವೆಗೂ ನೀರು ಬೇಕು. ಮೊದಲೇ ಸಕ್ಕರೆ ಹಾಕಿದ್ರೆ ಅದು ನೀರನ್ನ ಹಿಡ್ಕೊಂಡು ರವೆ ಸರಿಯಾಗಿ ಬೇಯೋಕೆ ಬಿಡಲ್ಲ, ತಿಂದಾಗ ಹಲ್ಲಿಗೆ ಕಾಳು ಸಿಗುತ್ತೆ. ರವೆ ಪೂರ್ತಿ ಬೆಂದು ಮೆತ್ತಗಾದ ಮೇಲೆಯೇ ಸಕ್ಕರೆ. ಹಾಕಿದ ತಕ್ಷಣ ಗಟ್ಟಿಯಾಗಿದ್ದದ್ದು ಮತ್ತೆ ನೀರಾಗುತ್ತೆ. ಗಾಬರಿಯಾಗಿ ಇನ್ನಷ್ಟು ರವೆ ಸುರೀಬೇಡಿ (ನಮ್ಮಲ್ಲಿ ಒಬ್ಬ ಸುರಿದ). ಐದು ನಿಮಿಷ ಕೈಯಾಡಿಸಿ, ತುಪ್ಪವನ್ನ ಮೂರು ಸಲ ಹಾಕಿ, ತಳ ಬಿಟ್ಟು ಬರುತ್ತೆ. ಕೇಸರಿ ದಳ ನಮ್ಮ ನಲವತ್ತು ರೂಪಾಯಿಗೆ ಎಟುಕಲ್ಲ. ಚಿಟಿಕೆ ಬಣ್ಣ ಸಾಕು, ಹಾಕದಿದ್ರೂ ರುಚಿ ಅದೇ. ಒಂದು ಅನಾನಸ್ ಹೆಚ್ಚಿ ಸಕ್ಕರೆಯಲ್ಲಿ ಬೇಯಿಸಿ ಸೇರಿಸಿದ್ರೆ ಹೋಟೆಲ್‌ನವರದ್ದೇ ಅನ್ಸುತ್ತೆ. ಗೋಡಂಬಿಯನ್ನ ತುಪ್ಪದಲ್ಲಿ ಹುರಿದು ಬೇರೆ ಬಟ್ಟಲಲ್ಲಿಡಿ. ನಮ್ಮ ತಂಡದಲ್ಲಿ ಒಬ್ಬಳಿಗೆ ಅದು ಅಲರ್ಜಿ, ಕೇಳೋವರೆಗೂ ಗೊತ್ತಿರಲಿಲ್ಲ.

ಚಟ್ನಿಗೆ ಮೂರು ತೆಂಗಿನಕಾಯಿ, ಕಾಲು ಕೆಜಿ ಹುರಿಗಡಲೆ. ಅವತ್ತೇ ರುಬ್ಬಿ, ಉಳಿದದ್ದನ್ನ ಸಂಜೆಗೆ ಅಂತ ಹೊರಗಿಡಬೇಡಿ, ಬೇಸಿಗೆಯಲ್ಲಿ ಕಾಯಿ ಚಟ್ನಿ ಬೇಗ ಹಳಸುತ್ತೆ.

ಎರಡನೇ ಭಾನುವಾರ ಆ ಫಸ್ಟ್ ಇಯರ್ ಹುಡುಗ ಮೆಸ್ಸಿನಲ್ಲಿ ತಿಂಡಿ ತಿಂದೇ ಬಂದಿದ್ದ. ಸರಿಯಾದ ನಿರ್ಧಾರವೇ. ಆದ್ರೂ ಒಂದು ಸೌಟು ಹಾಕಿಸ್ಕೊಂಡ, ಆಮೇಲೆ ಇನ್ನೊಂದು. ಮೂರನೇ ವಾರ ರವೆ ಧಾರೆ ಬಿಡೋ ಕೆಲಸ ಅವನೇ ಕೇಳಿ ತಗೊಂಡ, ಈಗ ನನಗಿಂತ ಅವನ ಕೈಯೇ ನಿಧಾನ. ಪಾತ್ರೆ ಖಾಲಿಯಾದ ತಕ್ಷಣ ನೀರು ತುಂಬಿಸಿ ನೆನೆಹಾಕೋದು ಮಾತ್ರ ಇನ್ನೂ ಅವನಿಗೆ ನೆನಪಿರಲ್ಲ. ನಿಮ್ಮ ತಂಡದಲ್ಲಿ ಅದಕ್ಕೆ ಅಂತಲೇ ಒಬ್ಬರನ್ನ ಹೇಳಿಟ್ಟುಕೊಳ್ಳಿ. ತಳ ಹಿಡಿದ ಪಾತ್ರೆ ವಾಪಸ್ ಕೊಟ್ರೆ ಬಾಡಿಗೆ ಅಂಗಡಿಯವರು ಅಡ್ವಾನ್ಸ್ ಹಿಡ್ಕೋತಾರೆ.